ಅರವತ್ತೆರಡು ಮಿಲಿವೋಲ್ಟು

ಶಿವಬಸಪ್ಪನವರು ರೇಡಿಯೋದವರಿಗೆ ಬರೆದ ಒಂಬತ್ತನೆಯ ಕಾಗದಕ್ಕೆ ಉತ್ತರ ಬಂದ ದಿನ ಅವರ ಹೆಂಡತಿ ನೀಲಗಂಗಮ್ಮನವರಿಗೆ ಊಟ ಸೇರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿ. ಸಂಕ್ರಾಂತಿ ಕಳೆದು ವಾರವಾಗಿತ್ತು. ವಿಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು; ಶಿವಬಸಪ್ಪನವರ ಮನೆಯ ಎಡಕ್ಕೆ ಒಂದು, ಎದುರಿಗೆ ಎರಡು, ಎಲ್ಲದರಲ್ಲೂ ಸೊಂಟದೆತ್ತರ ಕಾಂಗ್ರೆಸ್ ಗಿಡ. ಅಂಚೆಯವನು ಕೊಟ್ಟ ಕಂದು ಲಕೋಟೆಯನ್ನು ಅವರು ಗೇಟಿನಲ್ಲೇ ಒಡೆದು, ಎರಡು ಸಲ ಓದಿ, ಒಳಗೆ ಬಂದು ಹೆಂಡತಿಯ ಮುಖಕ್ಕೆ ಹಿಡಿದರು. ನಗರದ ಪಶ್ಚಿಮದ ಬಡಾವಣೆಗಳಲ್ಲಿ ರೇಡಿಯೋ ಅಲೆಯ ಬಲ ಎಷ್ಟಿದೆ ಎಂದು ಅಳೆಯುವ ಕೆಲಸ ಸದ್ಯದಲ್ಲೇ ನಡೆಯಲಿದೆ, ತಮ್ಮ ದೂರನ್ನು ಗಮನಿಸಲಾಗಿದೆ, ಅಳತೆಯವರು ತಮ್ಮ ಮನೆಗೂ ಬರುತ್ತಾರೆ ಎಂದು ಅದರಲ್ಲಿ ಬರೆದಿತ್ತು.

"ನೋಡಿದ್ಯಾ? ಸುಮ್ನೆ ಬರೀತಾ ಕೂತಿರ್ತೀರಿ ಅಂತಿದ್ದೆ. ಮೆಷಿನ್ ತಗೊಂಡು ಬರ್ತಾರಂತೆ. ಈಗ ಎಲ್ಲಾ ಗೊತ್ತಾಗುತ್ತೆ," ಅಂದರು.

ನೀಲಗಂಗಮ್ಮನವರಿಗೆ ಭಯವಾದದ್ದೂ ಅದೇ ಮಾತಿಗೆ.

ಶಿವಬಸಪ್ಪನವರು ಮೂವತ್ತಮೂರು ವರ್ಷ ತಂತಿ ಕಚೇರಿಯಲ್ಲಿ ದುಡಿದವರು. ಕಟ್ಟು ಕಡ ಎಂದು ಬಡಿದುಕೊಳ್ಳುವ ಯಂತ್ರದ ಸದ್ದನ್ನು ಕಿವಿಯಲ್ಲಿ ಕೇಳುತ್ತಲೇ ಕೈಯಲ್ಲಿ ಅಕ್ಷರವಾಗಿ ಇಳಿಸುವ ಕೆಲಸ. ಅತ್ತ ಹುಬ್ಬಳ್ಳಿಯಲ್ಲಿ ಕೂತು ಕೀಲಿ ಒತ್ತುತ್ತಿರುವವನು ಯಾರು, ಅವನಿಗೆ ಇವತ್ತು ಮೈ ಸರಿಯಿದೆಯೋ ಇಲ್ಲವೋ ಎನ್ನುವುದನ್ನೂ ಸದ್ದಿನಲ್ಲೇ ಹೇಳುತ್ತಿದ್ದರು ಎಂದು ಜೊತೆಯವರು ಮಾತಾಡಿಕೊಳ್ಳುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿದ ಮೇಲಧಿಕಾರಿ, ಶಿವಬಸಪ್ಪನವರ ಕಿವಿಗಳನ್ನು ಇಲಾಖೆ ಇಟ್ಟುಕೊಂಡು ಉಳಿದ ಮೈಯನ್ನಷ್ಟೇ ಮನೆಗೆ ಕಳಿಸಬೇಕಿತ್ತು ಎಂದು ತಮಾಷೆ ಮಾಡಿದ್ದರು. ಆ ಮಾತನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಮನೆಯ ನಡುಕೋಣೆಯಲ್ಲಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ ಒಂದಿತ್ತು. ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ಅದರ ದನಿ ಸಣ್ಣಗಾಯಿತು ಎಂದು ಅವರಿಗೆ ಅನ್ನಿಸತೊಡಗಿತು. ವಾರ್ತೆ ಓದುವವರು ಬಾಯೊಳಗೇ ಗೊಣಗುತ್ತಾರೆ ಅಂದರು. ರಾಜಾಜಿನಗರದ ರಿಪೇರಿ ಅಂಗಡಿಗೆ ರೇಡಿಯೋವನ್ನು ಆಟೋದಲ್ಲಿ ಹೊತ್ತು ಹೋದರು. ಅಂಗಡಿಯವನು ಒಂದು ವಾಲ್ವ್ ಬದಲಾಯಿಸಿ, ಬೇರೇನೂ ಕೆಟ್ಟಿಲ್ಲ ಎಂದು ಕಳಿಸಿದ. ಆಮೇಲೆ ಏರಿಯಲ್ ತಂತಿಯನ್ನು ಹೊಸದಾಗಿ ಕಟ್ಟಿಸಿದರು. ಅದಕ್ಕೂ ದನಿ ಏಳಲಿಲ್ಲ. ಹಾಗಿದ್ದರೆ ರೇಡಿಯೋ ನಿಲಯದವರೇ ಕರೆಂಟು ಉಳಿಸಲು ಪವರ್ ಇಳಿಸಿದ್ದಾರೆ ಎಂದು ಕಾಗದ ಬರೆಯಲು ಕೂತರು. ಐದನೆಯ ಕಾಗದದ ಹೊತ್ತಿಗೆ ಅನುಮಾನ ಎರಡು ಮನೆ ಆಚೆಯ ಚನ್ನವೀರಪ್ಪನ ಹಿಟ್ಟಿನ ಗಿರಣಿಯ ಕಡೆ ತಿರುಗಿತ್ತು. ಗಿರಣಿಯ ಮೋಟಾರಿನಿಂದ ಬೀದಿಯ ರೇಡಿಯೋಗಳೆಲ್ಲ ಕೆಡುತ್ತಿವೆ ಎಂದು ಅರ್ಜಿ ಬರೆದು, ಮನೆಮನೆಗೆ ಹೋಗಿ ಹನ್ನೊಂದು ಜನರ ಸಹಿ ಹಾಕಿಸಿದರು. ಸಹಿ ಹಾಕಿದವರಲ್ಲಿ ನಾಲ್ವರ ಮನೆಯಲ್ಲಿ ರೇಡಿಯೋನೇ ಇರಲಿಲ್ಲ. ಅಂದಿನಿಂದ ಚನ್ನವೀರಪ್ಪ ಇವರ ಮನೆಯವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ನೀಲಗಂಗಮ್ಮ ರಾಗಿ ಡಬ್ಬ ಹೊತ್ತುಕೊಂಡು ಹೊಸಹಳ್ಳಿಯ ಗಿರಣಿಯವರೆಗೆ ನಡೆಯುವಂತಾಯಿತು.

ನಿಜ ಏನೆಂದು ನೀಲಗಂಗಮ್ಮನವರಿಗೆ ಗೊತ್ತಾದದ್ದು ಗೌರಿ ಹಬ್ಬದ ಮರುದಿನ. ತೊಳೆದ ಸ್ಟೀಲ್ ತಟ್ಟೆಗಳನ್ನು ಒಳಗೆ ತರುವಾಗ ಕೈಜಾರಿ ಐದಾರು ತಟ್ಟೆ ಕೆಂಪು ಗಾರೆಯ ನೆಲದ ಮೇಲೆ ಬಿದ್ದವು. ಒಂದು ತಟ್ಟೆ ಗಿರಗಿರನೆ ತಿರುಗುತ್ತಾ ಶಿವಬಸಪ್ಪನವರ ಕುರ್ಚಿಯ ಹಿಂದೆ ಹೋಗಿ ನಿಂತಿತು. ಅವರು ಪೇಪರಿನಿಂದ ತಲೆಯೆತ್ತಲಿಲ್ಲ. ನೀಲಗಂಗಮ್ಮ ಮೂರು ಮಾರು ದೂರದಲ್ಲಿ ನಿಂತು, ಮೆಲ್ಲಗೆ "ಏನೂಂದ್ರೆ" ಎಂದು ಕರೆದರು. ಇನ್ನೊಂದು ಸಲ ಕರೆದರು. ಶಾಲೆಯಲ್ಲಿ ಕೊನೆಯ ಬೆಂಚಿನವರನ್ನು ಕರೆಯುವ ದನಿಯಲ್ಲಿ ಮೂರನೆಯ ಸಲ ಕರೆದಾಗ ಅವರು ತಿರುಗಿ, "ಕರೆದ್ಯಾ?" ಅಂದರು.

ಇಪ್ಪತ್ತೈದು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿರುವ ಗಂಟಲು ಆಕೆಯದು. ಅದು ಆಗ ಉಪಯೋಗಕ್ಕೆ ಬಂತು. ಅಂದಿನಿಂದ ಗಂಡನ ಎದುರಿಗೆ ಬಂದು ನಿಂತು, ಬಾಯಿ ಕಾಣುವಂತೆ, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ, ಜೋರಾಗಿ ಆಡುವುದನ್ನು ಅಭ್ಯಾಸ ಮಾಡಿಕೊಂಡರು. ಶಿವಬಸಪ್ಪನವರಿಗೆ ಅದು ಗೊತ್ತೇ ಆಗಲಿಲ್ಲ. ಉದ್ದದ ಮಾತು, ಮೆಲ್ಲಗೆ ಆಡಬೇಕಾದ ಮಾತು, ಕಿಟಕಿ ತೆರೆದಿರುವಾಗ ಆಡಲಾಗದ ಮಾತು ಇವೆಲ್ಲ ಒಂದೊಂದಾಗಿ ನಿಂತುಹೋದವು. ಕಣ್ಣು ಮಂಜಾಗಿದೆ ಎಂದಿದ್ದರೆ ಅವರು ನಕ್ಕು ಕನ್ನಡಕ ತರುತ್ತಿದ್ದರು. ಕಿವಿಯ ಮಾತನ್ನು ಹೇಗೆ ಹೇಳುವುದು? ಪ್ರತಿ ತಿಂಗಳೂ ಮೇಜಿನ ಮೇಲೆ ಬಿಳಿ ಹಾಳೆ ಹರಡಿ, ಪೆನ್ನಿಗೆ ಇಂಕು ತುಂಬಿ, ಹುಮ್ಮಸ್ಸಿನಿಂದ ಕಾಗದ ಬರೆಯುತ್ತಿದ್ದ ಗಂಡನನ್ನು ನೋಡುತ್ತಾ ಅವರು ಸುಮ್ಮನೆ ಕಾಫಿ ತಂದಿಡುತ್ತಿದ್ದರು.

ಆ ವಾರದ ಗುರುವಾರ, ನೀಲಗಂಗಮ್ಮ ಶಾಲೆಯಿಂದ ಬಂದ ಸ್ವಲ್ಪ ಹೊತ್ತಿಗೆ, ಬೂದು ಬಣ್ಣದ ಜೀಪೊಂದು ಮನೆಯ ಮುಂದೆ ಬಂದು ನಿಂತಿತು. ಅದರಿಂದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಇಳಿದಳು. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿದ್ದ ಒಂದು ಲೋಹದ ಪೆಟ್ಟಿಗೆಯನ್ನು ತಾನೇ ಎತ್ತಿ ಇಳಿಸಿದಳು. ಶಿವಬಸಪ್ಪನವರು ಅವಳ ಹಿಂದೆ ಇನ್ನಾರಾದರೂ ಬರುತ್ತಾರೇನೋ ಎಂದು ನೋಡಿದರು. ಯಾರೂ ಬರಲಿಲ್ಲ, ಡ್ರೈವರ್ ಬೀಡಿ ಹಚ್ಚಿ ಬೇವಿನ ಮರದ ಕೆಳಗೆ ಹೋದ.

ಅವಳ ಹೆಸರು ಅನಂತಲಕ್ಷ್ಮಿ. ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್ ಮುಗಿಸಿ ಬಂದಿದ್ದಳು. ಇನ್ನು ನಾಯಂಡಹಳ್ಳಿ, ಕೆಂಗೇರಿ ಬಾಕಿ ಇದ್ದವು. ಪೆಟ್ಟಿಗೆಯ ಮೇಲೆ ಜರಡಿಯ ಬಳೆಯಷ್ಟು ಅಗಲದ ಒಂದು ಲೋಹದ ಚಕ್ರವನ್ನು ನಿಲ್ಲಿಸಿ, ಇದೇ ಏರಿಯಲ್ ಎಂದು ತೋರಿಸಿದಳು. ಚಕ್ರವನ್ನು ನಿಲಯದ ದಿಕ್ಕಿಗೆ ತಿರುಗಿಸಿದರೆ ಮೀಟರಿನ ಮುಳ್ಳು ಮೇಲೇರುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಬಿದ್ದುಹೋಗುತ್ತದೆ; ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ನಿಲ್ಲಿಸಿ ಅಂಕಿ ಓದಿಕೊಳ್ಳಬೇಕು. ಹತ್ತಿರದಲ್ಲಿ ಕಬ್ಬಿಣ, ತಂತಿ ಇದ್ದರೆ ಲೆಕ್ಕ ತಪ್ಪುತ್ತದೆ. ಅದನ್ನು ಕೇಳಿದ್ದೇ ಶಿವಬಸಪ್ಪನವರು ತಾರಸಿಗೆ ಹೋಗಿ ಬಟ್ಟೆ ಒಣಗಿಸುವ ತಂತಿಯನ್ನು ತಾವೇ ಬಿಚ್ಚಿ ಸುತ್ತಿಟ್ಟರು. ಅರ್ಧ ಗಂಟೆಯಲ್ಲಿ ಅವರು ಆ ಯಂತ್ರದ ಮೋಹಕ್ಕೆ ಬಿದ್ದಿದ್ದರು. ಎದುರಿನ ಖಾಲಿ ಸೈಟಿನಲ್ಲಿ ಗಿಡ ತುಳಿದು ಜಾಗ ಮಾಡಿಕೊಟ್ಟರು, ಪೆಟ್ಟಿಗೆಯ ಕಾಲು ಅಲುಗದಂತೆ ಸೈಜುಗಲ್ಲು ಹುಡುಕಿ ತಂದರು. ನಿವೃತ್ತಿಯಾದ ಮೇಲೆ ಅವರ ಮೈಯಲ್ಲಿ ಅಂಥ ಚುರುಕನ್ನು ನೀಲಗಂಗಮ್ಮ ನೋಡಿರಲಿಲ್ಲ.

ಗಿರಣಿ ಓಡುತ್ತಿತ್ತು. ಅನಂತಲಕ್ಷ್ಮಿ ಹೆಡ್‌ಫೋನ್ ಹಾಕಿಕೊಂಡು ಚಕ್ರವನ್ನು ಆ ಕಡೆಗೂ ತಿರುಗಿಸಿ ನೋಡಿದಳು. ಮೋಟಾರಿನಿಂದ ಸ್ವಲ್ಪ ಗೊರಗೊರ ಬರುತ್ತದೆ, ಆದರೆ ನಿಲಯದ ಅಲೆಯ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ ಅಂದಳು. ಗಿರಣಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ವಿಚಾರಿಸಿದಳು. ದೀಪ ಹಚ್ಚುವ ಹೊತ್ತಿಗೆ ಎಂದು ಎದುರಿಗಿದ್ದ ಶಿವಬಸಪ್ಪನವರು ಹೇಳಿದರು. ಸಾರ್‌ಗೆ ತೊಂದರೆಯಾಗುವುದು ಯಾವಾಗ ಎಂದಳು. ಅವರು ಉತ್ತರ ಕೊಡಲಿಲ್ಲ. ಬೆನ್ನು ತಿರುಗಿಸಿ ಚಕ್ರದ ತಿರುಪನ್ನು ನೋಡುತ್ತಿದ್ದರು. ಅವಳು ಇನ್ನೊಂದು ಸಲ ಕೇಳಿದಳು. ಆಮೇಲೆ ಅವರ ಮುಂದಕ್ಕೆ ಬಂದು, ಅದೇ ಮಾತನ್ನು ಎತ್ತರದ ದನಿಯಲ್ಲಿ ಕೇಳಿದಳು. ಸಂಜೆ ವಾರ್ತೆಯ ಹೊತ್ತಿಗೆ ಎಂದು ಅವರು ಹೇಳಿದರು. ಹಾಗಾದರೆ ನಾಳೆ ಅದೇ ಹೊತ್ತಿಗೆ ಬಂದು ಅಳೆಯುತ್ತೇನೆ ಎಂದು ಅನಂತಲಕ್ಷ್ಮಿ ಪುಸ್ತಕ ಮುಚ್ಚಿದಳು.

ಕಾಂಪೌಂಡಿನ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದ ನೀಲಗಂಗಮ್ಮನವರಿಗೆ, ಗಂಡನ ಕಿವಿಯ ವಿಷಯ ಅವಳಿಗೆ ಅರ್ಥವಾಯಿತು ಎಂದು ಗೊತ್ತಾಯಿತು. ಕಾಫಿಯ ನೆಪ ಮಾಡಿ ಅವಳನ್ನು ಅಡಿಗೆಮನೆಗೆ ಕರೆದರು. ಲೋಟ ಕೈಗೆ ಕೊಟ್ಟು, ಬಾಗಿಲ ಕಡೆ ಒಮ್ಮೆ ನೋಡಿದರು. ಮೆಲ್ಲಗೆ ಮಾತಾಡಿದರೆ ಸಾಕಿತ್ತು, ಆದರೂ ನೋಡಿದರು.

"ಅಮ್ಮಾ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾಳೆ ನಿಮ್ಮ ಮೀಟರಲ್ಲಿ ಎಷ್ಟೇ ಬರ್ಲಿ, ಸ್ವಲ್ಪ ಕಮ್ಮಿ ಇದೆ ಅಂತ ಅವರಿಗೆ ಹೇಳೋಕಾಗುತ್ತಾ?"

ಅನಂತಲಕ್ಷ್ಮಿ ಕಾಫಿಯನ್ನು ಅರ್ಧ ಕುಡಿದು ಲೋಟ ಕೆಳಗಿಟ್ಟಳು.

"ಆಗಲ್ಲಮ್ಮ. ಅದೇ ನಂಬರು ಮ್ಯಾಪಿನ ಮೇಲೆ ಹೋಗುತ್ತೆ. ಇಲ್ಲಿ ಕಮ್ಮಿ ಅಂತ ಬರೆದ್ರೆ ನಾಳೆ ಇನ್ನೊಬ್ರು ಯಾರೋ ಅದನ್ನ ನಂಬ್ತಾರೆ." ಮತ್ತೆ ಹೇಳಿದಳು. "ಆದ್ರೆ ಈ ಮೀಟರ್ ಅಳೆಯೋದು ಮನೆ ತನಕ ಏನು ಬಂತು ಅನ್ನೋದನ್ನ ಮಾತ್ರ. ನಾನು ಅಷ್ಟೇ ಹೇಳ್ತೀನಿ. ಅದರಾಚೆ ಒಂದು ಮಾತೂ ಆಡಲ್ಲ. ಆಚೆದು ನೀವು ಹೇಳಬೇಕಾದ್ದು."

ನೀಲಗಂಗಮ್ಮ ತಲೆದೂಗಿದರು. ಅವಳು ಹೋದ ಮೇಲೆ, ಮೀಟರು ಹೇಳುವ ಮುಂಚೆ ತಾನೇ ಹೇಳಿಬಿಡಬೇಕೆಂದು ಎರಡು ಸಲ ಗಂಡನ ಎದುರಿಗೆ ಹೋಗಿ ನಿಂತರು. ಮೊದಲನೆಯ ಸಲ ಸೊಪ್ಪಿನವಳು ಬಂದಿದ್ದಾಳೆ ಅಂದರು. ಎರಡನೆಯ ಸಲ ಅವರ ಅಂಗಿಯ ಕಾಲರನ್ನು ಸರಿಮಾಡಿ ಬಂದುಬಿಟ್ಟರು.

ಮರುದಿನ ಸಂಜೆ ಗಿರಣಿ ನಿಂತು, ಬೀದಿ ದೀಪ ಹತ್ತಿದ ಮೇಲೆ ಜೀಪು ಬಂತು. ಅನಂತಲಕ್ಷ್ಮಿ ಮನೆಯ ಮುಂದಿನ ಅಂಗಳದಲ್ಲೇ ಸ್ಟೂಲ್ ಹಾಕಿಸಿ ಪೆಟ್ಟಿಗೆ ಇಟ್ಟಳು. ಯಂತ್ರದೊಳಗೇ ಬಲ ಮೊದಲೇ ಗೊತ್ತಿರುವ ಒಂದು ಸಿಗ್ನಲ್ ಹುಟ್ಟುತ್ತದೆ, ಅದಕ್ಕೆ ಮುಳ್ಳನ್ನು ಸರಿಹೊಂದಿಸಿಕೊಂಡರೆ ಮೀಟರು ಸುಳ್ಳು ಹೇಳುವುದಿಲ್ಲ ಎಂದು ಶಿವಬಸಪ್ಪನವರ ಕಣ್ಣೆದುರೇ ಅದನ್ನು ಹೊಂದಿಸಿದಳು. ಆಮೇಲೆ ಚಕ್ರವನ್ನು ಉತ್ತರದ ಕಡೆಗೆ ನಿಧಾನವಾಗಿ ತಿರುಗಿಸಿದಳು. ಮುಳ್ಳು ಏರಿ ನಿಂತಿತು. ಟಾರ್ಚ್ ಬಿಟ್ಟು ಓದಿ, ಪುಸ್ತಕದಲ್ಲಿ ಬರೆದಳು.

"ಅರವತ್ತೆರಡು ಮಿಲಿವೋಲ್ಟು ಸಾರ್, ಒಂದು ಮೀಟರ್ ಉದ್ದಕ್ಕೆ."

"ಎಷ್ಟಿರಬೇಕು?"

"ಊರಿನೊಳಗೆ ಹತ್ತು ಇದ್ರೆ ಧಾರಾಳ."

ಶಿವಬಸಪ್ಪನವರು ಬಗ್ಗಿ ಮುಳ್ಳನ್ನು ತಾವೇ ನೋಡಿದರು. ಸ್ವಿಚ್ ಎಲ್ಲಿದೆ, ಎಷ್ಟರಿಂದ ಗುಣಿಸಬೇಕು ಎಂದು ವಿಚಾರಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಲೆಕ್ಕ ಸರಿಯಿತ್ತು. ಒಳಗೆ ನಡುಕೋಣೆಯಲ್ಲಿ ರೇಡಿಯೋ ಹಾಡುತ್ತಿತ್ತು. ಅದರ ದನಿ ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಅವರು ಹೆಡ್‌ಫೋನಿನ ಕಡೆ ಕೈ ತೋರಿಸಿ, ಒಂದು ನಿಮಿಷ ಕೊಡಿ ಅಂದರು.

ಹೆಡ್‌ಫೋನ್ ಹಾಕಿಕೊಳ್ಳುವ ರೀತಿಯಲ್ಲೇ ಹಳೆಯ ಕೆಲಸಗಾರ ಎಂದು ಗೊತ್ತಾಗುತ್ತಿತ್ತು. ಎರಡು ಬೆರಳಲ್ಲಿ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿದರು. ಆಮೇಲೆ ದನಿಯ ಗುಂಡಿಯನ್ನು ಹುಡುಕಿ ತಿರುಗಿಸಿದರು. ಇನ್ನೂ ಸ್ವಲ್ಪ ತಿರುಗಿಸಿದರು. ಅನಂತಲಕ್ಷ್ಮಿಯ ಕೈ ಗುಂಡಿಯತ್ತ ಹೋಗಿ ಅರ್ಧದಲ್ಲೇ ನಿಂತಿತು. ಶಿವಬಸಪ್ಪನವರ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ವಾರ್ತೆ ಶುರುವಾಗಿತ್ತು. ಓದುವವರು ಗೊಣಗುತ್ತಿರಲಿಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಎಂಟು ತಿಂಗಳ ಹಿಂದೆ ಬರುತ್ತಿದ್ದಂತೆಯೇ ಬರುತ್ತಿತ್ತು. ಅವರು ಮಗುವಿನ ಹಾಗೆ ಚಕ್ರವನ್ನು ಅಡ್ಡಕ್ಕೆ ತಿರುಗಿಸಿ ದನಿಯನ್ನು ಕಳೆದುಕೊಂಡರು, ಮತ್ತೆ ತಿರುಗಿಸಿ ಪಡೆದುಕೊಂಡರು.

"ಎಷ್ಟು ಚೆನ್ನಾಗಿದೆ ನೋಡೇ," ಅಂದರು ಹೆಂಡತಿಗೆ. "ನಮ್ಮ ರೇಡಿಯೋನೇ ಹಾಳಾಗಿರೋದು. ಬಾ, ನೀನೂ ಕೇಳು."

ನೀಲಗಂಗಮ್ಮ ಬೇಡವೆನ್ನುವ ಮುಂಚೆಯೇ ಅವರು ಹೆಡ್‌ಫೋನ್ ತೆಗೆದು ಆಕೆಯ ಕಿವಿಗೆ ಇಟ್ಟರು.

ತಲೆಯೊಳಗೆ ಯಾರೋ ತಗಡು ಬಡಿದಂತಾಯಿತು. ನೀಲಗಂಗಮ್ಮ ಬೆಚ್ಚಿ ಹಿಂದಕ್ಕೆ ಸರಿದು, ಎರಡೂ ಕೈಯಲ್ಲಿ ಅದನ್ನು ಕಿತ್ತು ತೆಗೆದರು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೈಯಲ್ಲಿ ಹಿಡಿದ ಹೆಡ್‌ಫೋನಿನಿಂದ ವಾರ್ತೆ ಮೂವರಿಗೂ, ಬಹುಶಃ ಇಬ್ಬರಿಗೆ ಮಾತ್ರ, ಅಂಗಳದಲ್ಲೇ ಕೇಳುತ್ತಿತ್ತು.

ಶಿವಬಸಪ್ಪನವರು ಹೆಂಡತಿಯ ಮುಖವನ್ನು ನೋಡಿದರು. ಅನಂತಲಕ್ಷ್ಮಿಯ ಮುಖವನ್ನು ನೋಡಿದರು. ಅವಳು ಪುಸ್ತಕದ ಮೇಲೆ ಕಣ್ಣಿಟ್ಟು ನಿಂತಿದ್ದಳು. ಅವರು ಬಗ್ಗಿ, ದನಿಯ ಗುಂಡಿ ಎಲ್ಲಿಯವರೆಗೆ ತಿರುಗಿದೆ ಎಂದು ಬೆರಳಿಂದ ಮುಟ್ಟಿ ನೋಡಿದರು. ಅದು ಕೊನೆ ಮುಟ್ಟಿತ್ತು. ಸ್ವಲ್ಪ ಹೊತ್ತು ಅದರ ಮೇಲೆಯೇ ಬೆರಳಿಟ್ಟುಕೊಂಡಿದ್ದು, ಆಮೇಲೆ ಹಿಂದಕ್ಕೆ ತಿರುಗಿಸಿ ಆರಿಸಿದರು.

ಕೋಪ ಮಾಡುತ್ತಾರೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ನೀಲಗಂಗಮ್ಮ ಎಣಿಸಿದ್ದರು. ಅವರು ಹಾಗೇನೂ ಮಾಡಲಿಲ್ಲ. ಅಳತೆಯ ಪುಸ್ತಕವನ್ನು ಕೇಳಿ ಪಡೆದು, ಅರವತ್ತೆರಡು ಎಂಬ ಅಂಕಿಯ ಪಕ್ಕದಲ್ಲಿ ಮನೆಯ ಯಜಮಾನನ ಸಹಿಯ ಜಾಗದಲ್ಲಿ ತಂತಿ ಕಚೇರಿಯ ಹಳೇ ಶೈಲಿಯಲ್ಲಿ ಸಹಿ ಹಾಕಿದರು. ಕೆಲಸ ಬಹಳ ಅಚ್ಚುಕಟ್ಟು ಎಂದು ಅನಂತಲಕ್ಷ್ಮಿಗೆ ಹೇಳಿದರು. ಪೆಟ್ಟಿಗೆಯ ಒಂದು ಹಿಡಿಯನ್ನು ತಾವೂ ಹಿಡಿದು ಜೀಪಿನವರೆಗೆ ಹೋಗಿ ಬಂದರು. ಹೊರಡುವ ಮುಂಚೆ ಅವಳು ನೀಲಗಂಗಮ್ಮನವರ ಕೈಯನ್ನು ಒಮ್ಮೆ ಒತ್ತಿ ಹೋದಳು.

ಆಮೇಲೆ ಗಂಡಹೆಂಡಿರು ಜಗಲಿಯ ಮೇಲೆ ಕೂತರು. ಶಿವಬಸಪ್ಪನವರೇ ಮೊದಲು ಬಾಯಿ ಬಿಟ್ಟರು.

"ನಿಂಗೆ ಯಾವಾಗಿಂದ ಗೊತ್ತು?"

"ಗೌರಿ ಹಬ್ಬದಿಂದ."

ಅವರು ಬೆರಳು ಮಡಿಸಿ ಎಣಿಸಿದರು. "ಅದಾದ್ಮೇಲೆ ಐದು ಕಾಗದ ಬರೆದೆ. ಐದಕ್ಕೂ ಸ್ಟಾಂಪು ನೀನೇ ಅಂಟಿಸ್ದೆ."

"ಬರೀತಿರುವಾಗ ಖುಷಿಯಾಗಿರ್ತಿದ್ರಿ," ಅಂದರು ನೀಲಗಂಗಮ್ಮ. ಎದುರಿಗೆ ಬಂದು ನಿಲ್ಲದೆ, ಪಕ್ಕದಲ್ಲೇ ಕೂತು ಹೇಳಿದ್ದರಿಂದ ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಹೇಳಹೊರಟಾಗ ಅವರು ಕೈಯೆತ್ತಿ ತಡೆದರು. ಕೇಳಿಸಿತ್ತು. ಅವರ ತುಟಿ ನಗುವಿಗೂ ಅಳುವಿಗೂ ನಡುವೆ ಎಲ್ಲೋ ಸೊಟ್ಟಗಾಯಿತು. ಹುಬ್ಬಳ್ಳಿಯವನ ಮೈ ಸರಿಯಿಲ್ಲ ಎನ್ನುವುದು ಗೊತ್ತಾಗುತ್ತಿತ್ತು, ತನ್ನದೇ ಗೊತ್ತಾಗಲಿಲ್ಲ ನೋಡು ಅಂದರು. ಆಮೇಲೆ, ಈ ನಾಲ್ಕೈದು ತಿಂಗಳಲ್ಲಿ ನನಗೆ ಹೇಳದೆ ಬಿಟ್ಟದ್ದು ಏನೇನು ಎಂದು ಕೇಳಿದರು.

ನೀಲಗಂಗಮ್ಮ ಸಣ್ಣಪುಟ್ಟದ್ದನ್ನು ಹೇಳಿದರು. ಹಿತ್ತಿಲ ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮರಿ ಹಾರಿಸಿಕೊಂಡು ಹೋಗಿತ್ತು. ದಾವಣಗೆರೆಯಲ್ಲಿರುವ ಮಗಳು ಸೀತಾ ಹಬ್ಬಕ್ಕೆ ಬಂದಾಗ ಅತ್ತೆಯ ಬಗ್ಗೆ ಏನೋ ಹೇಳಿಕೊಂಡು ಅತ್ತಿದ್ದಳು. ತನ್ನ ಎಡ ಮಂಡಿ ಮೆಟ್ಟಿಲು ಹತ್ತುವಾಗ ನೋಯುತ್ತದೆ. ಅಲ್ಲಿಗೆ ನಿಲ್ಲಿಸಿ ಸೆರಗಿನ ಅಂಚನ್ನು ಸುತ್ತತೊಡಗಿದರು. ಇನ್ನೊಂದಿದೆ ಎಂದು ಅವರಿಗೆ ಗೊತ್ತಾಯಿತು. ಹೇಳು ಅಂದರು.

ಅದು ಅದಕ್ಕಿಂತ ಮುಂಚಿನದು, ಆಗಸ್ಟ್ ತಿಂಗಳದ್ದು. ಕೆಂಗೇರಿಯ ಶಾಲೆಗೆ ನೀಲಗಂಗಮ್ಮನವರನ್ನು ಮುಖ್ಯೋಪಾಧ್ಯಾಯಿನಿಯಾಗಿ ಕೇಳಿದ್ದರು. ಆ ಸಂಜೆ ಅಡಿಗೆಮನೆಯಿಂದಲೇ, ಸೌಟು ಆಡಿಸುತ್ತಾ, ಹೋಗಲೇ ಎಂದು ಗಂಡನನ್ನು ಕೇಳಿದರು. ಪೇಪರ್ ಹಿಡಿದು ಕೂತಿದ್ದ ಅವರು, "ಬೇಡ ಬಿಡು," ಅಂದರು. ಎರಡು ಬಸ್ಸು ಬದಲಿಸಿ ಅಷ್ಟು ದೂರ ಹೋಗುವುದು ಅವರಿಗೆ ಇಷ್ಟವಿಲ್ಲ ಎಂದುಕೊಂಡು, ಇನ್ನೊಂದು ಮಾತು ಕೇಳದೆ, ನೀಲಗಂಗಮ್ಮ ಒಲ್ಲೆನೆಂದು ಬರೆದುಕೊಟ್ಟುಬಿಟ್ಟರು. ಒಂದು ತಿಂಗಳು ಒಳಗೊಳಗೇ ಬೇಜಾರು ಪಟ್ಟರು. ತಟ್ಟೆಗಳು ಬಿದ್ದ ದಿನವೇ ಅವರಿಗೆ ತಿಳಿದದ್ದು, ಆ ಸಂಜೆ ಗಂಡ ಬೇಡವೆಂದದ್ದು ಇನ್ನೊಂದು ಲೋಟ ಕಾಫಿಯನ್ನೋ ಏನನ್ನೋ ಎಂದು.

ಶಿವಬಸಪ್ಪನವರು ಇದನ್ನು ಎರಡು ಸಲ ಹೇಳಿಸಿ ಕೇಳಿಸಿಕೊಂಡರು. ಆಮೇಲೆ ಹೆಂಡತಿಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೀದಿಯಲ್ಲಿ ಯಾರಾದರೂ ನೋಡುತ್ತಾರೆ ಎಂದು ಆಕೆ ಬಿಡಿಸಿಕೊಳ್ಳಲು ಹೋದರೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅರ್ಜಿಯ ನಕಲನ್ನು ಜೇಬಿನಲ್ಲಿಟ್ಟು ಗಿರಣಿಗೆ ಹೊರಟರು. ಏನಾಗುತ್ತದೋ ಎಂದು ನೀಲಗಂಗಮ್ಮ ರಾಗಿ ಡಬ್ಬ ಹಿಡಿದು ಹಿಂದೆಯೇ ಹೋದರು. ಶನಿವಾರವಾದ್ದರಿಂದ ಗಿರಣಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ಡಬ್ಬಗಳನ್ನು ಸಾಲಾಗಿ ಇಟ್ಟು ನಿಂತಿದ್ದರು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿದ್ದ ಚನ್ನವೀರಪ್ಪ ಇವರನ್ನು ಕಂಡು ಮುಖ ಗಂಟಿಕ್ಕಿದ. ಶಿವಬಸಪ್ಪನವರು ಹತ್ತಿರ ಹೋಗಿ ಏನೋ ಹೇಳಿದರು. ಅವನು ಕಿವಿಯ ಹಿಂದೆ ಕೈಯಿಟ್ಟು ಬಾಗಿದ.

"ಏನಂದ್ರಿ ಸ್ವಾಮಿ? ಜೋರಾಗಿ ಹೇಳಿ. ಮೆಷಿನ್ ಪಕ್ಕ ಇಪ್ಪತ್ತು ವರ್ಷದಿಂದ ನಿಂತು ನಂಗೆ ಈ ಕಡೆ ಕಿವಿ ಹೋಗಿದೆ."

ಶಿವಬಸಪ್ಪನವರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಎದೆತುಂಬ ಉಸಿರು ಎಳೆದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. "ತಪ್ಪು ನಿಮ್ಮ ಗಿರಣಿದಲ್ಲ ಚನ್ನವೀರಪ್ಪನವರೇ. ನನ್ನ ಕಿವಿದು. ಅರ್ಜಿ ವಾಪಸ್ ತಗೋತೀನಿ. ನನ್ನ ಮೇಲೆ ಬೇಜಾರು ಇಟ್ಕೋಬೇಡಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಚನ್ನವೀರಪ್ಪ ಮೋಟಾರಿನ ಸ್ವಿಚ್ ಆರಿಸಿದ. ಏನು ಮಾಡಬೇಕೆಂದು ತೋಚದೆ, ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಶಿವಬಸಪ್ಪನವರ ಬಲಗೈಯನ್ನು ಹಿಡಿದು ಅಲ್ಲಾಡಿಸಿದ. ನೀಲಗಂಗಮ್ಮನವರ ಡಬ್ಬವನ್ನು ಸಾಲಿನ ಕೊನೆಯಿಂದ ಎತ್ತಿ ಮೊದಲಿಗೆ ಇಟ್ಟ. ಅಂದು ಯಾರೂ ತಕರಾರು ಮಾಡಲಿಲ್ಲ.

ಹತ್ತನೆಯ ಕಾಗದ ಆ ಮಧ್ಯಾಹ್ನವೇ ಹೋಯಿತು. ದೂರನ್ನು ಹಿಂತೆಗೆದುಕೊಂಡಿದ್ದೇನೆ, ನಿಲಯದ ಅಲೆ ನನ್ನ ಮನೆಗೆ ಯಾವ ಕೊರತೆಯೂ ಇಲ್ಲದೆ ಬರುತ್ತಿದೆ, ಅಳತೆಗೆ ಬಂದ ಅಧಿಕಾರಿಯ ಕ್ರಮಬದ್ಧತೆ ಮೆಚ್ಚತಕ್ಕದ್ದು ಎಂದು ಅದರಲ್ಲಿತ್ತು. ಆಸ್ಪತ್ರೆಯಲ್ಲಿ ಕಿವಿ ನೋಡಿದ ಡಾಕ್ಟರು ನರ ಸವೆದಿದೆ, ಮೊದಲಿನಂತೆ ಆಗುವುದಿಲ್ಲ, ಯಂತ್ರ ಹಾಕಿಕೊಂಡರೆ ಎಷ್ಟೋ ವಾಸಿ ಅಂದರು. ಎರಡು ಬೆಂಕಿಪೊಟ್ಟಣದಷ್ಟಿದ್ದ ಆ ಯಂತ್ರವನ್ನು ಜೇಬಿನಲ್ಲಿಟ್ಟು ಅದರ ವೈರನ್ನು ಕಿವಿಗೆ ಸಿಕ್ಕಿಸಿಕೊಂಡರೆ ಅಂಗಿ ಉಜ್ಜುವ ಸದ್ದೇ ಬಿರುಗಾಳಿಯಂತೆ ಕೇಳುತ್ತಿತ್ತು. ಮೊದಲ ವಾರವೆಲ್ಲ ಅದನ್ನು ಬೈದರು, ಎರಡು ಸಲ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಅದರ ಗುಂಡಿಯನ್ನು ಎಲ್ಲಿಗೆ ನಿಲ್ಲಿಸಬೇಕು, ಜೇಬಿನ ಒಳಗೆ ಯಾವ ಬಟ್ಟೆಯ ಚೂರು ಹೊಲಿದರೆ ಉಜ್ಜುವುದಿಲ್ಲ ಎಂದು ತಾವೇ ಕಂಡುಕೊಂಡರು.

ಕೆಂಗೇರಿಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗಿದ್ದವರು ತಮ್ಮೂರಿಗೆ ವರ್ಗ ಮಾಡಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಏಪ್ರಿಲಿನಲ್ಲಿ ಬಂತು. ಸುದ್ದಿ ತಂದವರು ಶಿವಬಸಪ್ಪನವರೇ. ಪ್ರತಿ ಸೋಮವಾರ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ, ಅಲ್ಲಿನ ಗುಮಾಸ್ತರನ್ನು ವಿಚಾರಿಸಿ ಬರುತ್ತಿದ್ದರೆಂದು ನೀಲಗಂಗಮ್ಮನವರಿಗೆ ಆಗಲೇ ಗೊತ್ತಾದದ್ದು. ಒಮ್ಮೆ ಒಲ್ಲೆನೆಂದವರಿಗೆ ಮತ್ತೆ ಕೊಡುತ್ತಾರೆಯೇ ಎಂದು ಆಕೆ ಅನುಮಾನಿಸಿದರು. ಅರ್ಜಿ ಬರೆಯುವುದರಲ್ಲಿ ನನಗಿರುವ ಅನುಭವ ಈ ಬೀದಿಯಲ್ಲಿ ಯಾರಿಗೂ ಇಲ್ಲ ಎಂದು ಶಿವಬಸಪ್ಪನವರು ಪೆನ್ನಿಗೆ ಇಂಕು ತುಂಬಿದರು. ಜೂನ್ ಮೊದಲ ವಾರ ನೀಲಗಂಗಮ್ಮ ಕೆಂಗೇರಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ಸೇರಿದರು.

ಮೊದಲ ದಿನ ಮನೆಗೆ ಬರುವಾಗ ಸಂಜೆ ಆರಾಗಿತ್ತು. ಮೈಸೂರು ರಸ್ತೆಯ ಧೂಳು ಸೀರೆಗೆಲ್ಲ ಮೆತ್ತಿತ್ತು. ಶಿವಬಸಪ್ಪನವರು ಅಕ್ಕಿ ತೊಳೆದಿಟ್ಟು, ಯಂತ್ರ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ರೇಡಿಯೋ ಆರಿತ್ತು. ನೀಲಗಂಗಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಶಾಲೆಯ ದನಿಯನ್ನು ಶಾಲೆಯಲ್ಲೇ ಬಿಟ್ಟು, ಮಾಮೂಲಿ ದನಿಯಲ್ಲಿ ಹೇಳತೊಡಗಿದರು. ಇನ್ನೂರು ಹದಿನೆಂಟು ಮಕ್ಕಳಿದ್ದಾರೆ. ಲಿಂಗಮ್ಮ ಎನ್ನುವ ಟೀಚರು ಒಬ್ಬರು ಬಹಳ ಒಳ್ಳೆಯವರು. ಹಿಂದಿನ ಅಂಗಳದಲ್ಲಿ ನಲ್ಲಿ ಮುರಿದಿದೆ.

"ತಾಳು," ಅಂದರು ಶಿವಬಸಪ್ಪನವರು. "ಕೊನೇದು ಕೇಳಿಸ್ಲಿಲ್ಲ. ಅಂಗಳದಲ್ಲಿ ಹಲ್ಲಿ ಏನಾಗಿದೆ?"

"ಹಲ್ಲಿ ಅಲ್ಲಾ ರೀ, ನಲ್ಲಿ. ನೀರಿಂದು."

"ಹೂಂ, ನಲ್ಲಿ." ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಸರಿ, ಮುಂದೆ ಹೇಳು."